ಹಲ್ಲಲ್ಲಿ ಕಚ್ಚಿಕೊಂಡ ಗುಂಡುಸೂಜಿ

ಮಾರ್ಚ್ ೩, ಸೋಮವಾರ

ಕಿವಿ ಡಾಕ್ಟರು ಬರೆದಿಡಿ ಎಂದಿದ್ದಾರೆ, ಬರೆಯುತ್ತಿದ್ದೇನೆ. ತಲೆ ಯಾವಾಗ ತಿರುಗಿತು, ಆಗ ಏನು ಮಾಡುತ್ತಿದ್ದೆ, ಕಿವಿಯಲ್ಲಿ ಗುಂಯ್ ಎನ್ನುವುದು ಯಾವ ಹೊತ್ತಿನಲ್ಲಿ ಜಾಸ್ತಿ, ಕತ್ತು ಎಲ್ಲಿ ಹಿಡಿದುಕೊಂಡಿದೆ, ಎಲ್ಲವನ್ನೂ. ಅದನ್ನು ನೋಡಿ ಅವರು ಕಾರಣ ಹುಡುಕುತ್ತಾರಂತೆ. ಪಾಪ, ಅಷ್ಟು ಕಷ್ಟ ಯಾಕೆ? ಕಾರಣ ನನಗೆ ಆಗಲೇ ಗೊತ್ತು. ಕಾರಣ ನನ್ನ ಓರಗಿತ್ತಿ.

ನನ್ನ ಮೈದುನನ ಹೆಂಡತಿ. ಮನಸ್ಸಿನೊಳಗೆ ನಾನವಳನ್ನು ಸೂಜಿ ಎಂದು ಕರೆಯುತ್ತೇನೆ. ಗಿಡ್ಡಗೆ, ತೆಳ್ಳಗೆ, ಸದ್ದಿಲ್ಲದೆ ಓಡಾಡುತ್ತಾಳೆ. ಚುಚ್ಚಿದ ಮೇಲೆಯೇ ಅವಳು ಅಲ್ಲಿದ್ದಳು ಎಂದು ಗೊತ್ತಾಗುವುದು.

ಕಳೆದ ಗುರುವಾರ ಮಾವನವರ ಹೊಲಿಗೆ ಅಂಗಡಿಯಲ್ಲಿ ನನ್ನ ಕಟಿಂಗ್ ಮೇಜಿನ ಮುಂದೆ ನಿಂತು, ಒಂದರ ಮೇಲೊಂದು ಹಾಸಿದ ನೀಲಿ ಬಟ್ಟೆಗೆ ಕತ್ತರಿ ಹಾಕುತ್ತಿದ್ದೆ. ಕೋಣೆ ಗಿರ್ರೆಂದು ತಿರುಗಿತು. ಮೇಜಿನ ಅಂಚು ಹಿಡಿದುಕೊಂಡೆ. ಕತ್ತರಿ ತನ್ನ ಪಾಡಿಗೆ ತಾನು ಹೋಗಿ ತೋಳಿನ ಭಾಗವನ್ನು ಸೀಳಿಬಿಟ್ಟಿತು. ಹೋದದ್ದು ಬಟ್ಟೆ, ಜೀವವಲ್ಲ. ಮೂಲೆಯಲ್ಲಿ ಕಾಜಾ ಹೊಲಿಯುತ್ತಾ, ಗುಂಡಿ ಹಾಕುತ್ತಾ ಕೂತಿದ್ದ ಸೂಜಿ ಎದ್ದವಳೇ ಸೀದಾ ಮುಂದಿನ ಕೌಂಟರಿಗೆ ಹೋಗಿ ಮಾವನ ಕಿವಿ ಊದಿದಳು. “ಮಾವ, ಇನ್ನು ಅಕ್ಕನ ಕೈಗೆ ಕತ್ತರಿ ಕೊಡಬೇಡಿ.” ಗುಂಯ್ ಎನ್ನುತ್ತಿದ್ದ ಕಿವಿಗೂ ಆ ಮಾತು ಎಷ್ಟು ಚೆನ್ನಾಗಿ ಕೇಳಿಸಿತು!

ಮಾವ ನನ್ನನ್ನು ಮನೆಗೆ ಕಳಿಸಿದರು. “ಹುಷಾರಾಗಿ ಬಾಮ್ಮ. ಅಲ್ಲೀವರೆಗೆ ಕಿರಿಯವಳು ಕಟಿಂಗ್ ನೋಡ್ಕೊಳ್ಳಲಿ. ಆಸ್ಪತ್ರೆ ದಾದಿಯರ ಅಂಗಿಗಳ ಆರ್ಡರ್ ಇದೆಯಲ್ಲ, ಅದನ್ನ ಚೆನ್ನಾಗಿ ಮಾಡಿದ್ಲು ಅಂದ್ರೆ ಮೇಜು ಅವಳಿಗೇ ಬಿಡೋಣ. ನಿನಗೂ ವಯಸ್ಸಾಯ್ತು.” ವಯಸ್ಸಾಯಿತಂತೆ! ಹೇಳಿದವರಿಗೆ ಎಷ್ಟು ವಯಸ್ಸು ಎಂದು ನಾನು ಕೇಳಲಿಲ್ಲ, ಸೊಸೆಯಾಗಿ ಹುಟ್ಟಿದ ಕರ್ಮ.

ಆ ಮೇಜು ನನ್ನದು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ನನ್ನದು ಎಂದು ಇದ್ದದ್ದು ಅದೊಂದೇ. ಅವಳು ನನ್ನ ಕತ್ತು ಕೊಯ್ದಳು. ಸುಮ್ಮನೆ ಬಿಡುವುದಿಲ್ಲ.

ಮಾರ್ಚ್ ೪, ಮಂಗಳವಾರ

ತಲೆ ತಿರುಗಿದ್ದು: ಹಾಸಿಗೆಯಿಂದ ಏಳುವಾಗ, ಆಮೇಲೆ ಮೇಲಿನ ಕಪಾಟಿನ ಡಬ್ಬಕ್ಕೆ ಕತ್ತೆತ್ತಿದಾಗ.
ಕಿವಿ: ದಿನವಿಡೀ ಗುಂಯ್.
ಕತ್ತು: ಕಟ್ಟಿಗೆ.
ಕಾರಣ: ಸೂಜಿ.

ಮಾರ್ಚ್ ೬, ಗುರುವಾರ

ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬರುವುದೇ ಇವತ್ತಿನ ಸಾಧನೆ. ಮಲಗಿದಲ್ಲೇ ಸೇಡಿನ ದಾರಿಗಳನ್ನು ಯೋಚಿಸಿದೆ. ಅವಳ ಮಷಿನ್ನಿನ ಬೆಲ್ಟು ಸಡಿಲ ಮಾಡುವುದು ಚಿಲ್ಲರೆ ಬುದ್ಧಿ. ಮೈದುನನಿಗೆ ಚಾಡಿ ಹೇಳಿದರೆ ಪ್ರಯೋಜನವಿಲ್ಲ, ಅವನು ಹೆಂಡತಿ ಕಂಡರೆ ಬೆಣ್ಣೆ. ಎದುರೆದುರು ನಿಂತು ಜಗಳವಾಡೋಣವೆಂದರೆ ಜಗಳದ ಮಧ್ಯೆ ತಲೆ ತಿರುಗಿ ಅವಳ ಕಾಲ ಬುಡದಲ್ಲೇ ಬಿದ್ದರೆ? ಛೀ.

ಸಂಜೆ ನಮ್ಮವರು ಅಂಗಡಿಯಿಂದ ಬಂದರು. ಅಲ್ಲಿ ಇಸ್ತ್ರಿ ಕೆಲಸ ಅವರದು. ಬೂಟು ಬಿಚ್ಚುತ್ತಾ ಹೇಳಿದರು, “ದಾದಿಯರ ಅಂಗಿಗೆ ನೀನು ಮಾಡಿಟ್ಟಿದ್ದ ಪೇಪರ್ ಕಟಿಂಗನ್ನೇ ತಗೊಂಡಿದ್ದಾಳೆ. ಮೊಳೆಯಿಂದ ತೆಗೆದು ಮೇಜಿನ ಮೇಲೆ ಹರಡ್ಕೊಂಡಿದ್ಲು.”

ನನಗೆ ಮೈಯೆಲ್ಲಾ ಜುಮ್ಮೆಂದಿತು. ಆಹಾ! ಎಲ್ಲರ ಪೇಪರ್ ಕಟಿಂಗ್‌ನಲ್ಲೂ ಹೊಲಿಗೆಯ ಮಾರ್ಜಿನ್, ಅಂದರೆ ಹೊಲಿಗೆಯೊಳಗೆ ಮಡಚಿಹೋಗುವ ಹೆಚ್ಚುವರಿ ಅಂಚು, ಸೇರಿಯೇ ಇರುತ್ತದೆ. ಕಾಗದವನ್ನು ಬಟ್ಟೆಯ ಮೇಲಿಟ್ಟು ಸುತ್ತ ಕತ್ತರಿಸಿದರೆ ಮುಗಿಯಿತು. ನನ್ನದರಲ್ಲಿ ಇರುವುದಿಲ್ಲ. ನಾನು ಮೈಯ ಅಳತೆಗೆ ಸರಿಯಾಗಿ ಕಾಗದ ಕತ್ತರಿಸುವವಳು. ಮಾರ್ಜಿನ್ ನನ್ನ ಕೈಯಲ್ಲಿದೆ, ಚಾಕ್ ಹಿಡಿದಾಗ ಕಣ್ಣಳತೆಯಲ್ಲಿ ಬರುತ್ತದೆ. ಅದನ್ನು ಯಾರಿಗೂ ಹೇಳಿಕೊಟ್ಟಿಲ್ಲ.

ಸೂಜಿ ನನ್ನ ಕಾಗದವನ್ನು ನಂಬಿ ಕತ್ತರಿ ಹಾಕಿದಳೋ, ಕತೆ ಮುಗಿಯಿತು. ಹೊಲಿದಾಗ ಪಕ್ಕಗಳು ಒಳಗೆ ಹೋಗಿ ಮೈ ಬಿಗಿಯಾಗುತ್ತದೆ, ಕತ್ತು ಮಾತ್ರ ಅಗಲವಾಗಿ ಭುಜದಿಂದ ಜಾರುತ್ತದೆ. ಇಡೀ ಆಸ್ಪತ್ರೆಯ ದಾದಿಯರು ಒಂದು ಕೈಯಲ್ಲಿ ಔಷಧಿ, ಇನ್ನೊಂದು ಕೈಯಲ್ಲಿ ಜಾರುವ ಕತ್ತು ಹಿಡಿದುಕೊಂಡು ಓಡಾಡಬೇಕು. ನಾನು ಏನೂ ಮಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು.

ನನ್ನ ಕತ್ತು ಕೊಯ್ದಳಲ್ಲ, ಈಗ ಅವಳ ಕೈಯಿಂದಲೇ ಥಾನುಗಟ್ಟಲೆ ಕತ್ತು ಕೊಯ್ಯಿಸುತ್ತೇನೆ. ತುಂಬ ದಿನಗಳ ನಂತರ ಹೊಟ್ಟೆ ತುಂಬ ಉಂಡೆ.

ಮಾರ್ಚ್ ೮, ಶನಿವಾರ

ಬಂದಿದ್ದಳು! ಮನೆಗೇ ಬಂದಿದ್ದಳು. ನಾನು ಕಿಟಕಿಯ ಪಕ್ಕ ಕೂತು, ನಮ್ಮವರ ಪ್ಯಾಂಟಿನ ಅಂಚು ಮಡಚಿ, ಯಾವಾಗಿನಂತೆ ಹಲ್ಲಲ್ಲಿ ಗುಂಡುಸೂಜಿ ಕಚ್ಚಿಕೊಂಡು ಒಂದೊಂದಾಗಿ ಚುಚ್ಚುತ್ತಿದ್ದೆ. ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು ಬಾಗಿಲ ಬಳಿಯೇ ನಿಂತಳು.

“ಹೇಗಿದ್ದೀರಾ ಅಕ್ಕಾ?”

ಬಾಯಲ್ಲಿ ಸೂಜಿ ಇದ್ದಿದ್ದರಿಂದ ಹ್ಞೂಂ ಎಂದೆ.

“ಆ ದಾದಿಯರ ಅಂಗಿ ಪೇಪರ್ ಕಟಿಂಗ್ ತಗೊಂಡಿದ್ದೀನಿ. ಅದರ ಬಗ್ಗೆ ನನಗೆ ಏನಾದ್ರೂ ಹೇಳೋದಿದೆಯಾ ಅಕ್ಕಾ?”

ಇಲ್ಲವೆಂದು ತಲೆ ಆಡಿಸಿದೆ. ಕತ್ತು ಚುಳುಕ್ ಎಂದು ಹಿಡಿದುಕೊಂಡು, ಕಿವಿಯೊಳಗಿನ ಗುಂಯ್ ಕುಯ್ಯೋ ಎಂದು ಏರಿತು. ಆದರೂ ಇನ್ನೊಮ್ಮೆ ಆಡಿಸಿದೆ. ಅವಳು ನನ್ನ ಬಾಯನ್ನೇ ನೋಡಿ, “ಸರಿ, ನೆನಪಾದ್ರೆ ಹೇಳಿ,” ಎಂದು ಹೋದಳು.

ನೆನಪಾದರೆ! ಮರೆತರೆ ತಾನೇ ನೆನಪಾಗಲು. ಹಣ್ಣನ್ನು ಮುಟ್ಟಲಿಲ್ಲ. ನಮ್ಮವರು ತಿಂದರು. ಸಿಹಿ ಇತ್ತಂತೆ.

ಮಾರ್ಚ್ ೧೧, ಮಂಗಳವಾರ

ಇವತ್ತು ಡಾಕ್ಟರ ಬಳಿ. ನಮ್ಮವರೂ ಬಂದಿದ್ದರು, ರಸ್ತೆಯಲ್ಲಿ ಬಿದ್ದರೆ ಎತ್ತಲು. ಡಾಕ್ಟರಮ್ಮ ಮೊದಲು ನನ್ನ ಪುಸ್ತಕ ಕೇಳಿದರು. ಅಯ್ಯೋ ದೇವರೇ! ಎದೆಗೆ ಅವುಚಿಕೊಂಡು, “ಅಕ್ಷರ ಚೆನ್ನಾಗಿಲ್ಲ, ನಾನೇ ಓದ್ತೀನಿ,” ಎಂದೆ. ಸೂಜಿಯನ್ನು ಬಿಟ್ಟು ಉಳಿದದ್ದನ್ನು ಓದಿದರೆ ಉಳಿದದ್ದು ತುಂಬ ಕಡಿಮೆ.

ರಕ್ತದೊತ್ತಡ ನೋಡಿದರು, ಕೂತು ಒಮ್ಮೆ, ನಿಂತು ಒಮ್ಮೆ. ರಕ್ತಪರೀಕ್ಷೆಯ ಚೀಟಿಯಲ್ಲಿ ತಪ್ಪೇನೂ ಇರಲಿಲ್ಲ. ಕಿವಿಯೊಳಗೆ ಬೆಳಕು ಬಿಟ್ಟು ಗುಗ್ಗೆ ತೆಗೆದರು. “ಪಿನ್ನು ಗಿನ್ನು ಹಾಕಿ ಕೆದಕ್ತೀರಾ?” ಎಂದರು. ಗೋಡೆ ನೋಡಿದೆ. “ಇನ್ಮೇಲೆ ಬೇಡ.” ಮಲಗಿಸಿ ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ ಕಣ್ಣನ್ನೇ ನೋಡಿದರು. ಕೆಲವರಿಗೆ ಒಳಗಿವಿಯ ತೊಂದರೆಯಿಂದ ಹೊರಳಿದಾಗ ಹೀಗಾಗುತ್ತದಂತೆ, ನನಗೆ ಅದಲ್ಲವಂತೆ. ಆಮೇಲೆ ಕಿವಿಯ ಮುಂದೆ, ದವಡೆಯ ಕೀಲಿನ ಮೇಲೆ ಬೆರಳಿಟ್ಟು ಒತ್ತಿದರು. ಕಣ್ಣಲ್ಲಿ ನೀರು ಬಂತು.

“ಹಲ್ಲು ಕಡೀತೀರಾ?”

“ಯಾರ ಮೇಲೆ?” ಎಂದುಬಿಟ್ಟೆ.

ಡಾಕ್ಟರಮ್ಮ ನಕ್ಕರು. “ಯಾರ ಮೇಲೆ ಅಂತ ಕೇಳಲಿಲ್ಲಮ್ಮ. ನಿದ್ದೇಲಿ ಕಡೀತೀರಾ ಅಂತ ಕೇಳಿದೆ.”

“ಕಡೀತಾಳೆ,” ಎಂದರು ನಮ್ಮವರು. “ಪಕ್ಕದಲ್ಲಿ ಗಿರಣಿ ಇಟ್ಕೊಂಡು ಮಲಗಿದ ಹಾಗಿರುತ್ತೆ.” ಗಂಡಸರಿಗೆ ಬಾಯಿ ಬರುವುದು ಇಂಥ ಕಡೆಯೇ.

ಕೆಲಸ ಏನು, ಹೇಗೆ ನಿಲ್ಲುತ್ತೀರಿ ಎಂದೆಲ್ಲ ಕೇಳಿ, ಮಾಡಿ ತೋರಿಸಿ ಎಂದರು. ಅವರ ಮೇಜಿನ ಮುಂದೆ ಬಗ್ಗಿ, ತಲೆ ಓರೆ ಮಾಡಿ, ಬಾಯಲ್ಲಿ ಗುಂಡುಸೂಜಿ ಇದ್ದಂತೆ ಹಲ್ಲು ಬಿಗಿದು ತೋರಿಸಿದೆ. “ಸಿಕ್ಕಿತು,” ಎಂದರು. ತಗ್ಗು ಮೇಜಿಗೆ ಬಗ್ಗಿ ಬಗ್ಗಿ ಕತ್ತಿನ ಸ್ನಾಯು ಬಿಗಿದಿದೆ, ಸೂಜಿ ಕಚ್ಚಿ ದವಡೆ ಬಿಗಿದಿದೆ, ಎರಡೂ ಸೇರಿ ಕಿವಿಯ ಸದ್ದನ್ನು ಹೆಚ್ಚಿಸಿವೆ, ಊಟ ನೀರು ಬಿಟ್ಟು ದುಡಿದದ್ದು ತಲೆಯನ್ನು ಇನ್ನಷ್ಟು ತಿರುಗಿಸಿದೆ. ಹೀಗೆಂದು ಅವರ ಅಂದಾಜು. ಮೇಜು ನಿಂತಾಗ ಮೊಣಕೈ ಎತ್ತರಕ್ಕೆ ಬರಬೇಕಂತೆ. ಬಾಯಲ್ಲಿ ಸೂಜಿ ಕೂಡದು. ಹಾಸಿಗೆಯಿಂದ ಏಳುವಾಗ ಮೊದಲು ಮಗ್ಗುಲಾಗಿ, ಕೂತು, ಆಮೇಲೆ ನಿಲ್ಲಬೇಕು. ಒಂದೇ ದಿಂಬು. ಕತ್ತಿಗೆ ಬಿಸಿನೀರಿನ ಚೀಲ. ಮಾತು ತೊದಲಿದರೆ, ಒಂದು ಕಡೆ ಶಕ್ತಿ ಹೋದರೆ, ಇದ್ದಕ್ಕಿದ್ದಂತೆ ಕಿವಿ ಕೇಳಿಸದಾದರೆ ಮಾತ್ರ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ ಬರಬೇಕು.

“ಮತ್ತೆ ಮನಸ್ಸಿಗೆ ಏನಾದ್ರೂ ಬೇಜಾರಿದೆಯಾ?”

“ಏನೂ ಇಲ್ಲ,” ಎಂದೆ. ದವಡೆ ಕಟಕ್ ಎಂದಿತು.

ಮಾರ್ಚ್ ೧೩, ಗುರುವಾರ

ನೀರು ಕುಡಿದು ಕುಡಿದು ಬಚ್ಚಲಿಗೆ ಓಡಾಡುವುದೇ ವ್ಯಾಯಾಮವಾಗಿದೆ.

ನಮ್ಮವರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪುಟ್ಟ ದಿಂಬೊಂದನ್ನು ತಂದಿದ್ದಾರೆ, ಗುಂಡುಸೂಜಿ ಚುಚ್ಚಿಟ್ಟುಕೊಳ್ಳಲು. “ಎಲ್ಲಿ ಸಿಕ್ತು?” ಎಂದರೆ “ಸಿಕ್ತು” ಎಂದರು. ನೀಲಿ ಬಟ್ಟೆ, ಒಳಗೆ ಚಿಂದಿ ಗಟ್ಟಿಯಾಗಿ ತುಂಬಿ, ಅಂಚಿಗೆ ಒತ್ತೊತ್ತಾಗಿ ಕಾಜಾ ಹೊಲಿಗೆ ಹಾಕಿದ್ದಾರೆ. ಈ ಕೈಯ ಹೊಲಿಗೆಯನ್ನು ಎಲ್ಲೋ ನೋಡಿದ್ದೇನೆ. ಈಗಿನ ಅಂಗಡಿಗಳಲ್ಲೂ ಪರವಾಗಿಲ್ಲ, ಚೆನ್ನಾಗಿ ಮಾಡುತ್ತಾರೆ.

ಸೂಜಿ ಇನ್ನೂ ಕತ್ತರಿ ಹಾಕಿಲ್ಲವಂತೆ. ಬಟ್ಟೆಯನ್ನು ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಕುಗ್ಗುತ್ತದೆ ಎಂದಳಂತೆ. ನೆನೆಸಲಿ, ಒಣಗಿಸಲಿ. ನನ್ನ ಸೇಡಿಗೆ ಅವಸರವಿಲ್ಲ.

ಮಾರ್ಚ್ ೧೭, ಸೋಮವಾರ

ನನ್ನ ಮೇಜನ್ನು ಎತ್ತರಿಸಿದ್ದಾಳೆ!

ನಮ್ಮವರು ಊಟದ ಮಧ್ಯೆ ಏನೋ ಹವಾಮಾನದ ಸುದ್ದಿ ಹೇಳುವವರ ಹಾಗೆ ಹೇಳಿದರು. ಬಡಗಿಯನ್ನು ಕರೆಸಿ, ನಾಲ್ಕು ಕಾಲಿನ ಅಡಿಗೂ ಮರದ ದಿಮ್ಮಿ ಕೂರಿಸಿದ್ದಾಳಂತೆ. ತಟ್ಟೆಯನ್ನು ಪಕ್ಕಕ್ಕೆ ತಳ್ಳಿದೆ. ನಾನಿನ್ನೂ ಸತ್ತಿಲ್ಲ, ಆಗಲೇ ನನ್ನ ಮೇಜಿಗೆ ಕೈ ಹಾಕಿದಳೇ! ಅಷ್ಟಕ್ಕೂ ಆ ಗಿಡ್ಡಿಗೆ ಎತ್ತರದ ಮೇಜು ಯಾಕೆ? ಸೊಕ್ಕು, ಇನ್ನೇನು. ಸಿಂಹಾಸನ ಮಾಡಿಕೊಂಡಿದ್ದಾಳೆ.

“ಅವಳು ಹಲಗೆ ಹಾಕ್ಕೊಂಡು ನಿಲ್ತಾಳೆ,” ಎಂದರು ನಮ್ಮವರು.

“ಬೀಳಲಿ!” ಎಂದೆ.

ನಮ್ಮವರು ತಟ್ಟೆ ನೋಡುತ್ತಾ ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಹೇಳದಿದ್ದದ್ದೇ ಒಳ್ಳೆಯದಾಯಿತು, ಅವರಿಗೂ ಬೀಳುತ್ತಿತ್ತು.

ಕತ್ತರಿ ಸಾಣೆಗೆ ಕೊಟ್ಟಿದ್ದಾಳಂತೆ. ಇನ್ನೂ ಶುರು ಮಾಡಿಲ್ಲ. ಹೆದರಿದ್ದಾಳೆ, ಮತ್ತೇನೂ ಅಲ್ಲ.

ಮಾರ್ಚ್ ೨೦, ಗುರುವಾರ

ಕತ್ತಿನ ವ್ಯಾಯಾಮ ಕಲಿಯಲು ಆಸ್ಪತ್ರೆಗೆ ಹೋಗಿದ್ದೆ. ಒಬ್ಬಳೇ. ಬಸ್ಸಿನಲ್ಲಿ ನಿಂತುಕೊಂಡೇ ಹೋದೆ.

ಹೇಳಿಕೊಟ್ಟವಳು ಒಬ್ಬ ದಾದಿ, ದುಂಡು ಮುಖದವಳು. ಗಲ್ಲವನ್ನು ಮೆಲ್ಲಗೆ ಹಿಂದಕ್ಕೆಳೆಯುವುದು, ಭುಜ ಕಿವಿಯತ್ತ ಎತ್ತಿ ಇಳಿಸುವುದು, ತಲೆಯನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಗಿಸುವುದು. “ಎಳೀಬೇಡಿ, ನೆಟಿಗೆ ಗಿಟಿಗೆ ತೆಗೀಬೇಡಿ. ನೋವಾದ್ರೆ ಅಲ್ಲೇ ನಿಲ್ಲಿಸಿ. ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ ಇಡಿ, ತುಟಿ ಮುಚ್ಚಿ, ಹಲ್ಲು ಹಲ್ಲಿಗೆ ತಾಗಬಾರದು.” ಎಲ್ಲಾ ಮಾಡಿದೆ. ಹಲ್ಲು ಹಲ್ಲಿಗೆ ತಾಗದಿರುವುದು ಎಷ್ಟು ಕಷ್ಟದ ಕೆಲಸ ಎಂದು ಇವತ್ತು ತಿಳಿಯಿತು.

ತೋರಿಸುತ್ತಾ ತೋರಿಸುತ್ತಾ ಅವಳು ತನ್ನ ಅಂಗಿಯ ಕತ್ತನ್ನು ಬೆರಳಿನಿಂದ ಎಳೆದುಕೊಳ್ಳುತ್ತಿದ್ದಳು. ಕೆಂಪಗೆ ಗೆರೆ ಬಿದ್ದಿತ್ತು.

“ಯಾರೇ ಹೊಲಿದದ್ದು ಇದನ್ನ? ಪಾಪಿ!”

“ಯಾವುದೋ ಫ್ಯಾಕ್ಟರಿದು. ಹೊಸಾದು ಬರುತ್ತಂತೆ ಅಮ್ಮಾ, ಒಂದು ಟೈಲರ್ ಅಂಗಡಿಯವರು ನಮ್ಮೆಲ್ಲರ ಅಳತೆ ತಗೊಂಡು ಹೋಗಿದ್ದಾರೆ. ಅದನ್ನೇ ಕಾಯ್ತಿದ್ದೀವಿ.”

ಅಳತೆ ತೆಗೆದವಳು ನಾನೇ ಎಂದು ಅವಳಿಗೆ ನೆನಪಿಲ್ಲ. ಟೇಪು ಹಿಡಿದವಳ ಮುಖವನ್ನು ಯಾರು ನೋಡುತ್ತಾರೆ? ನನಗೆ ಅವಳ ಕತ್ತಿನಳತೆ ನೆನಪಿತ್ತು.

ಬರುವಾಗ ಬಸ್ಸಿನಲ್ಲಿ ಕೂತರೂ ಸಮಾಧಾನವಿಲ್ಲ. ನಾನು ಸೇಡು ಇಟ್ಟದ್ದು ಸೂಜಿಯ ಮೇಲೆ. ಈ ದುಂಡು ಮುಖ ಯಾಕೆ ನಡುವೆ ಬರಬೇಕು? ಇರಲಿ. ಹಾಳಾದ ಅಂಗಿಯನ್ನು ಆಮೇಲೆ ನಾನೇ ಸರಿಮಾಡಿಕೊಡುತ್ತೇನೆ, ಮೇಜು ವಾಪಸ್ ಬಂದ ಮೇಲೆ.

ಓ, ತಲೆಯ ವಿಷಯ ಬರೆಯುವುದು ಮರೆತೆ. ತಿರುಗಿಲ್ಲ ಅನಿಸುತ್ತದೆ.

ಮಾರ್ಚ್ ೨೪, ಸೋಮವಾರ

ಅಂಗಡಿಗೆ ಹೋದೆ. ಮಾವ ಮೂಲೆಯ ಸ್ಟೂಲು ತೋರಿಸಿ, “ಸದ್ಯಕ್ಕೆ ಗುಂಡಿ ಹಾಕಮ್ಮ,” ಎಂದರು. ಅವಳ ಸ್ಟೂಲು! ಕೂತೆ. ಬೆನ್ನಿಗೆ ಆನಿಸಿಕೊಳ್ಳಲು ಅಲ್ಲಿ ಯಾರೋ ಒಂದು ದಿಂಬು ಇಟ್ಟಿದ್ದರು. ಒರಗಿದೆ, ನನ್ನ ಬೆನ್ನಿಗೇನು ಗೊತ್ತು ಸ್ವಾಭಿಮಾನ.

ಅವಳು ಹಲಗೆಯ ಮೇಲೆ ನಿಂತು ಬಟ್ಟೆ ಹಾಸುತ್ತಿದ್ದಳು. ಮಧ್ಯಾಹ್ನ ನನ್ನ ಪಕ್ಕಕ್ಕೆ ಬಂದು ಚಹಾ ಲೋಟ ಇಟ್ಟಳು.

“ಅಕ್ಕಾ, ನಾಡಿದ್ದು ಕತ್ತರಿ ಹಾಕ್ತೀನಿ. ಮಾವ ಇನ್ನು ಕಾಯಲ್ಲ ಅಂದ್ರು.”

“ಹಾಕು.”

“ಏನೂ ಹೇಳೋದಿಲ್ವಾ?”

“ಚಹಾಕ್ಕೆ ಸಕ್ಕರೆ ಕಮ್ಮಿ,” ಎಂದೆ.

ಹೋದಳು. ಚೆನ್ನಾಗಿ ಹೇಳಿದೆ. ಆದರೆ ಸಕ್ಕರೆ ಸರಿಯಾಗಿತ್ತು.

ಮಾರ್ಚ್ ೨೬, ಬುಧವಾರ

ಎಲ್ಲಿಂದ ಶುರು ಮಾಡಲಿ.

ಬೆಳಿಗ್ಗೆ ಮಾವ ಕೌಂಟರ್ ಬಿಟ್ಟು ಒಳಗೆ ಬಂದು ನಿಂತಿದ್ದರು. ನಮ್ಮವರು ಇಸ್ತ್ರಿ ಪಕ್ಕಕ್ಕಿಟ್ಟರು. ಮೇಜಿನ ಮೇಲೆ ಪದರ ಪದರವಾಗಿ ಬಿಳಿ ಬಟ್ಟೆ, ಅದರ ಮೇಲೆ ನನ್ನ ಪೇಪರ್ ಕಟಿಂಗ್. ಅವಳು ಅದಕ್ಕೆ ಬೆನ್ನು ಅಡ್ಡ ಮಾಡಿ ಗೆರೆ ಎಳೆಯುತ್ತಿದ್ದಳು, ನನಗೆ ಕಾಣಿಸುತ್ತಿರಲಿಲ್ಲ. ನಾನು ಹಬ್ಬದೂಟಕ್ಕೆ ಕೂತವಳಂತೆ ಕಾಯುತ್ತಿದ್ದೆ. ಯಾವ ಮಾಯದಲ್ಲೋ ಗುಂಡುಸೂಜಿಗಳು ಮತ್ತೆ ನನ್ನ ಹಲ್ಲಿಗೆ ಬಂದಿದ್ದವು.

ಬಿಳಿ ದಾರ ಮುಗಿಯಿತು. ದಾರದ ಡಬ್ಬ ಇರುವುದು ಕಟಿಂಗ್ ಮೇಜಿನ ಡ್ರಾಯರಿನಲ್ಲಿ. ಎದ್ದು ಹೋಗಿ, ಹಳೆಯ ಅಭ್ಯಾಸದಂತೆ ಮೇಜಿನ ಈ ತುದಿಯಲ್ಲಿ ನಿಂತು, ಮೊಣಕೈ ಊರಿದೆ.

ಬಗ್ಗಬೇಕಾಗಲಿಲ್ಲ. ಭುಜ ಏರಲಿಲ್ಲ, ಕತ್ತು ಬಾಗಲಿಲ್ಲ. ಅಳತೆ ತೆಗೆಯುವುದೇ ಬದುಕಾಗಿರುವವಳು ನಾನು. ಆ ಮೇಜು ಯಾರ ಮೊಣಕೈಯ ಅಳತೆಗೆ ಎದ್ದಿದೆ ಎಂದು ತಿಳಿಯಲು ನನಗೆ ಟೇಪು ಬೇಕಿರಲಿಲ್ಲ. ಕೆಳಗೆ ನೋಡಿದೆ. ಅವಳು ಹಲಗೆಯ ಮೇಲೆ ಹಿಮ್ಮಡಿ ಎತ್ತಿ ನಿಂತಿದ್ದಳು. ಡಾಕ್ಟರಮ್ಮ ಮೊಣಕೈ ಎಂದಾಗ ನಮ್ಮವರು ಪಕ್ಕದಲ್ಲೇ ಇದ್ದರು ಎನ್ನುವುದು ಆಗ ಹೊಳೆಯಿತು. ಎಂಥ ಪೆದ್ದಿ ನಾನು!

ಅವಳು ಕತ್ತರಿ ಎತ್ತಿಕೊಂಡಳು. ಒಮ್ಮೆ ನನ್ನನ್ನು ನೋಡಿದಳು, ಅವತ್ತು ಬಾಗಿಲಲ್ಲಿ ನಿಂತು ನೋಡಿದಂತೆಯೇ. ಸುಮ್ಮನಿದ್ದರೆ ಮೇಜು ನನ್ನದು. ಬಾಯಿ ಬಿಟ್ಟರೆ ಅವಳದು. ಹಲ್ಲು ಬಿಗಿದೆ, ಕಿವಿ ಗುಂಯ್ ಎಂದಿತು. ಕತ್ತರಿಯ ಬಾಯಿ ತೆರೆಯಿತು.

ಸೂಜಿಗಳನ್ನೆಲ್ಲ ಅಂಗೈಗೆ ಉಗಿದುಬಿಟ್ಟೆ.

“ನಿಲ್ಲೇ! ಅದರಲ್ಲಿ ಮಾರ್ಜಿನ್ ಇಲ್ಲ! ಹಾಗೇ ಕೊಯ್ದರೆ ಕತ್ತು ಹಾಳಾಗುತ್ತೆ!”

ಮಷಿನ್ನುಗಳು ನಿಂತವು. ಮಾವ ನನ್ನನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದರು. ಅವಳು ಕತ್ತರಿ ಕೆಳಗಿಟ್ಟು ಪಕ್ಕಕ್ಕೆ ಸರಿದಳು. ಕಾಗದದ ಸುತ್ತ ನೀಲಿ ಚಾಕಿನ ಇನ್ನೊಂದು ಗೆರೆ ಇತ್ತು. ಪಕ್ಕಕ್ಕೆ ಹೊರಗೆ, ಕತ್ತಿಗೆ ಒಳಗೆ, ಎಷ್ಟು ಬೇಕೋ ಅಷ್ಟು. ನನ್ನ ಕೈಯೇ ಎಳೆದಂತಿತ್ತು.

“ಗೊತ್ತು ಅಕ್ಕಾ. ಆ ಸ್ಟೂಲಿನ ಮೇಲೆ ಕೂತು ಇಷ್ಟು ವರ್ಷ ನಿಮ್ಮ ಕೈಯನ್ನೇ ನೋಡಿದ್ದೀನಿ.”

“ಗೊತ್ತಿದ್ದೂ ಇಷ್ಟು ದಿನ ಯಾಕೆ ತಡ ಮಾಡಿದೆ? ನೆನೆಸೋದು, ಸಾಣೆ ಹಿಡಿಸೋದು…”

“ನೀವೇ ಹೇಳ್ತೀರೇನೋ ಅಂತ ಕಾದೆ,” ಎಂದಳು.

ಆ ಮಾತು ಬಿದ್ದದ್ದು ಎಲ್ಲಿಗೆ ಎಂದು ನನಗೆ ಮಾತ್ರ ಗೊತ್ತು. ಯಾರಿಗೂ ಅರ್ಥವಾಗಲಿಲ್ಲ. ಮಾವನಿಗಂತೂ ಏನೂ ತಿಳಿಯಲಿಲ್ಲ. “ಹಿರಿಯವಳು ನೋಡಿ ಹೇಳಿದ್ದು ಒಳ್ಳೇದಾಯ್ತು,” ಎಂದು ನನ್ನನ್ನೇ ಹೊಗಳಿದರು! ಅವಳು ತುಟಿ ಎರಡು ಮಾಡಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಕೋಪ ತಡೆಯಲಾಗದೆ ಕೇಳಿಯೇಬಿಟ್ಟೆ. “ಹಾಗಾದ್ರೆ ಅವತ್ತು ಯಾಕೆ ಮಾವನ ಹತ್ರ ಓಡಿದೆ? ನನ್ನ ಕೈಗೆ ಕತ್ತರಿ ಕೊಡಬೇಡಿ ಅಂತ?”

“ನೀವು ತಲೆ ತಿರುಗಿ ಮುಂದಕ್ಕೆ ಬಗ್ಗಿದ್ರಿ. ಕತ್ತರಿ ಮೊನೆ ನಿಮ್ಮ ಹೊಟ್ಟೆ ಕಡೆಗಿತ್ತು. ನೀವು ನೋಡ್ಲಿಲ್ಲ ಅಕ್ಕಾ, ನಾನು ನೋಡಿದೆ.” ಹೇಳಿ, ಮೇಜಿನ ಮೇಲಿದ್ದ ಕತ್ತರಿಯ ಮೊನೆಯನ್ನು ನನ್ನಿಂದ ಆಚೆಗೆ ತಿರುಗಿಸಿಟ್ಟಳು.

ಮಾರ್ಚ್ ೨೭, ಗುರುವಾರ

ಮೇಜಿಗೆ ಎರಡು ಬದಿ ಇದೆ, ಇಬ್ಬರೂ ನಿಂತು ಮಾಡಿ, ತಲೆ ತಿನ್ನಬೇಡಿ ಎಂದು ಮಾವ ಹೇಳಿದ್ದಾರೆ. ಕತ್ತರಿ ಅವಳ ಕೈಯಲ್ಲಿ, ಚಾಕ್ ನನ್ನ ಕೈಯಲ್ಲಿ. ಡಾಕ್ಟರಮ್ಮ ಒಪ್ಪುವವರೆಗೆ ಹೀಗೇ.

ತಲೆ: ಇಲ್ಲ. ಕತ್ತು: ಸಂಜೆ ಸ್ವಲ್ಪ. ಕಿವಿ: ಗುಂಯ್ ಇನ್ನೂ ಇದೆ, ಕೆಲಸದಲ್ಲಿದ್ದಾಗ ಕೇಳಿಸುವುದಿಲ್ಲ.

ಆದರೆ ಸಿಟ್ಟು ಇಳಿದಿಲ್ಲ. ಹೇಗೆ ಇಳಿಯುತ್ತದೆ? ಅಷ್ಟು ಜತನದಿಂದ ಸಾಕಿದ ಸೇಡು, ಅದನ್ನು ಎಲ್ಲರ ಎದುರು ನನ್ನ ಬಾಯಿಂದಲೇ ಹೊರಗೆ ಹಾಕಿಸಿ, ಒಂದು ಮಾತೂ ಆಡದೆ ನನ್ನನ್ನು ಉಳಿಸಿದಳು. ಸೇಡು ಎಂದರೆ ಅದು. ನನಗೆ ಅಷ್ಟು ದೊಡ್ಡದು ಹೊಳೆದೇ ಇರಲಿಲ್ಲ.

ಬಿಡುವುದಿಲ್ಲ. ತಿರುಗಿಸಿ ಕೊಟ್ಟೇ ಕೊಡುತ್ತೇನೆ. ಇವತ್ತು ಹಲಗೆಯ ಮೇಲೆ ನಿಂತೂ ನಿಂತೂ ಅವಳ ಪಾದ ಕೆಂಪಗಾಗಿತ್ತು, ಯಾರೂ ನೋಡುತ್ತಿಲ್ಲವೆಂದು ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜಿಕೊಳ್ಳುತ್ತಿದ್ದಳು. ನಾನು ನೋಡಿದೆ. ಆ ಹಲಗೆಗೆ ಒಳಗೆ ಹತ್ತಿ ತುಂಬಿದ ದಪ್ಪ ಹೊದಿಕೆಯೊಂದನ್ನು ಹೊಲಿಯಬೇಕು. ನಾಳೆ ಅವಳು ಬರುವ ಮೊದಲೇ ಹಾಕಿಟ್ಟು, ಯಾರು ಮಾಡಿದ್ದು ಎಂದು ಕೇಳಿದರೆ ಅಂಗಡಿಯಲ್ಲಿ ಸಿಕ್ಕಿತು ಎನ್ನುತ್ತೇನೆ. ತಂಗಿ ಒದ್ದಾಡಲಿ.